ಯಾರದೋ ತಿಥಿಯ ಸಿಹಿ

ಬಸ್ಸು ಯೇವಲೆ ಬಿಟ್ಟಾಗ ಚಂಪಾ ವಿಶ್ವನಾಥಪ್ಪನವರ ಎದುರು ಆಡಬೇಕಾದ ಮಾತನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಬೆಳಿಗ್ಗೆ ನಾಸಿಕದಲ್ಲಿ ಹತ್ತುವಾಗ ಆ ಮಾತು ನೆಟ್ಟಗಿತ್ತು: ಸರೋಜಿನಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ, ನನಗೆ ಕೆಲಸವಿದೆ, ಬಾಡಿಗೆಯ ಖೋಲಿಯಿದೆ, ಅವಳ ಕೈಯಲ್ಲೂ ಹೊಲಿಗೆಯಿದೆ, ಈ ಮದುವೆ ಬೇಡ. ಅಷ್ಟೇ. ನಿಫಾಡ ದಾಟುವ ಹೊತ್ತಿಗೆ ಅದಕ್ಕೊಂದು 'ದಯಮಾಡಿ' ಅಂಟಿಕೊಂಡಿತು. ಯೇವಲೆಯಲ್ಲಿ ಚಹಾಕ್ಕೆ ನಿಂತಾಗ 'ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ' ಎಂಬುದು ಯಾರೂ ಕರೆಯದೆ ತಾನೇ ಬಂದು ಎಲ್ಲಕ್ಕಿಂತ ಮುಂದೆ ನಿಂತುಬಿಟ್ಟಿತು. 'ಥೂ' ಅಂದಳು, ಗಟ್ಟಿಯಾಗಿಯೇ. ಪಕ್ಕದಲ್ಲಿ ಪೈಠಣಿ ಸೀರೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಮುದುಕ ಕಣ್ಣು ಬಿಟ್ಟು, ತನಗೇ ಅಂದಳೇನೋ ಎಂದು ಗಂಟನ್ನು ಇನ್ನಷ್ಟು ಅವಚಿಕೊಂಡ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಒಂಟಿಯಾಗಿ ಬಸ್ಸಿನಲ್ಲಿ ಕೂತು ತನ್ನಷ್ಟಕ್ಕೆ ತಾನು ಉಗಿದುಕೊಂಡರೆ ಜನ ಅಂದುಕೊಳ್ಳುವುದನ್ನು ಅಂದುಕೊಳ್ಳಲಿ. ಉಪಕಾರ ಎಂಬ ಶಬ್ದ ಅವಳ ಬಾಯಿಗೆ ಎಂಜಲಿನಷ್ಟೇ ಸಲೀಸಾಗಿ ಬರುತ್ತಿತ್ತು. ಮಾತು ಕಲಿಯುವ ಮೊದಲೇ ಕೈ ಮುಗಿಯುವುದನ್ನು ಕಲಿಸಿದ ಮನೆಯಲ್ಲಿ ಬೆಳೆದವಳು ಅವಳು. ಮನೆಯೆಂದರೆ ಔರಂಗಾಬಾದಿನ ಬಾಲಿಕಾಶ್ರಮ. ಅರವತ್ತು ಹುಡುಗಿಯರು, ಒಬ್ಬ ಅಪ್ಪ, ಒಬ್ಬ ಬಾಯಿ. ಅಪ್ಪ ಎಂದರೆ ಕಾರ್ಯದರ್ಶಿ ವಿಶ್ವನಾಥಪ್ಪನವರು, ಕಲಬುರ್ಗಿ ಕಡೆಯಿಂದ ಬಂದು ಗುಲ್‌ಮಂಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಬಾಯಿ ಎಂದರೆ ಮೇಲ್ವಿಚಾರಕಿ ಶಾಂತಾಬಾಯಿ, ಬೀದರಿನ ವಿಧವೆ. ಅವರ ಬಾಯಿಂದಲೇ ಚಂಪಾಳಿಗೂ ಸರೋಜಿನಿಗೂ ಕನ್ನಡ ಬಂದದ್ದು. ಉಳಿದವರೆಲ್ಲ ಮರಾಠಿಯಲ್ಲಿ ನಕ್ಕರೆ ಇವರಿಬ್ಬರೂ ಚಾದರದ ಒಳಗೆ ಕನ್ನಡದಲ್ಲಿ ನಗುತ್ತಿದ್ದರು.

ಹದಿನೆಂಟು ತುಂಬಿದ ಹುಡುಗಿಯನ್ನು ಅಲ್ಲಿ ದಾರಿಗೆ ಹಚ್ಚುತ್ತಿದ್ದರು. ದಾರಿಗೆ ಹಚ್ಚುವುದೆಂದರೆ ಮದುವೆ, ಬೇರೆ ದಾರಿಯನ್ನು ಯಾರೂ ಕಂಡುಹಿಡಿದಿರಲಿಲ್ಲ. ಎರಡನೆ ಸಂಬಂಧದವರು, ಕಾಲು ಊನವಾದವರು, ಹೊಲವಿದ್ದು ಹೆಣ್ಣು ಸಿಗದವರು ಭಾನುವಾರ ಬಂದು ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದರು. ಚಂಪಾಳನ್ನು ಮೂವರು ನೋಡಿದರು. ಮೊದಲನೆಯವನು ಬಣ್ಣ ನೋಡಿ ಬೇಡವೆಂದ. ಎರಡನೆಯವನು 'ಇವಳು ಕಣ್ಣಿಗೆ ಕಣ್ಣಿಟ್ಟು ನೋಡ್ತಾಳೆ' ಎಂದು ಬೇಡವೆಂದ. ಮೂರನೆಯವನು ಕಾರಣವನ್ನೂ ಕೊಡದೆ ಚಹಾ ಕುಡಿದು ಎದ್ದುಹೋದ. ಆಗ ಆದ ಅವಮಾನಕ್ಕೆ ಅವಳು ಬಚ್ಚಲಿನಲ್ಲಿ ನಿಂತು ನೀರು ಹೊಯ್ದುಕೊಳ್ಳುತ್ತಲೇ ಅತ್ತಿದ್ದಳು. ಈಗ ನೆನೆದರೆ ಆ ಮೂವರ ಹೊಟ್ಟೆ ತಣ್ಣಗಿರಲಿ ಅನ್ನಿಸುತ್ತಿತ್ತು. ಯಾರೂ ಒಪ್ಪದ್ದಕ್ಕೇ ಅವಳನ್ನು ನಾಸಿಕಕ್ಕೆ, ಉಡುಪಿ ಹೋಟೆಲಿನ ಮೋಹನದಾಸರ ಮನೆಗೆ, ಅವರ ಹೆಂಡತಿ ಗುಣವತಿಯವರ ಕೈಕೆಳಗೆ ಕಳಿಸಿದ್ದು. ಸರೋಜಿನಿಯ ಪಾಡು ಹಾಗಲ್ಲ. ಸರೋಜಿನಿ ಬೆಳ್ಳಗಿದ್ದಳು. ಅವಳನ್ನು ಯಾರೂ ಬೇಡವೆನ್ನುವುದಿಲ್ಲ. ವಿಶ್ವನಾಥಪ್ಪನವರು ನಿನ್ನೆ ವ್ಯಾಪಾರಕ್ಕೆಂದು ನಾಸಿಕಕ್ಕೆ ಬಂದವರು ಹೋಟೆಲಿನಲ್ಲಿ ಊಟ ಮಾಡಿ, ಕೈ ತೊಳೆಯುತ್ತ ಖುಷಿಯಿಂದ ಹೇಳಿಹೋಗಿದ್ದರಂತೆ: ಗಂಗಾಪುರದ ಹತ್ತಿ ವ್ಯಾಪಾರಿ ಶಿವರಾಯ, ನಮ್ಮವನೇ, ಹೆಂಡತಿ ತೀರಿ ವರ್ಷವಾಯಿತು, ನಾಳೆ ಬರುತ್ತಾನೆ, ನಮ್ಮ ಸರೋಜಿನಿಯ ಪುಣ್ಯ. ಸಂಜೆ ಗುಣವತಿಯವರು ಅದನ್ನು ಚಂಪಾಳಿಗೆ ದಾಟಿಸಿ, ಅವಳ ಮುಖ ನೋಡಿ, 'ಹೋಗುದಾದ್ರೆ ಹೋಗು. ಆದ್ರೆ ಅಲ್ಲಿ ಹೋಗಿ ಬಾಯಿ ಮಾಡ್ಬೇಡ ಮಾರಾಯ್ತಿ. ಸುಮ್ಮನೆ ಕೂತ್ರೆ ಅರ್ಧ ಕೆಲಸ ತನ್ನಷ್ಟಕ್ಕೆ ಆಗ್ತದೆ' ಅಂದಿದ್ದರು.

ಗುಣವತಿಯವರ ಮನೆಗೆ ಬಂದ ಮೊದಲ ಶುಕ್ರವಾರ ಅವಳು ಮಾಡಿದ ಪ್ರಮಾದವನ್ನು ಆ ಮನೆಯಲ್ಲಿ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಅಂದು ಕಡಲೆಬೇಳೆ ಪಾಯಸ ಮಾಡಿದ್ದರು. ಎಲ್ಲರ ಜೊತೆ ಅವಳಿಗೂ ಎಲೆ ಹಾಕಿ, ಎಲೆಯ ಬುಡಕ್ಕೆ ಪಾಯಸ ಬಡಿಸಿದರು. ಪಾಯಸ ಬಿದ್ದದ್ದೇ ತಡ, ಚಂಪಾಳ ಕಾಲು ತಾನಾಗಿ ಅವಳನ್ನು ಎಬ್ಬಿಸಿ ನಿಲ್ಲಿಸಿತು. ಕೈ ಮುಗಿದು, ಕಣ್ಣು ಮುಚ್ಚುವ ಮೊದಲು, ಯಾರ ಹೆಸರು ಹೇಳಿ ಪ್ರಾರ್ಥಿಸಬೇಕೆಂದು ತಿಳಿಯದೆ ವಿನಯದಿಂದ ಕೇಳಿದಳು: 'ಇವತ್ತ ಯಾರ ತಿಥಿ ಅದರಿ?' ಮೋಹನದಾಸರ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ಅವರ ತಂದೆ, ಎಂಬತ್ತರ ಮುದ್ದಣ್ಣನವರು, ಎಲೆಯಿಂದ ತಲೆಯೆತ್ತದೆ 'ನನ್ನದೇ ಇರ್ಬೇಕು. ನನಗೇ ಯಾರೂ ಹೇಳ್ಲಿಲ್ಲ ನೋಡು' ಅಂದರು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಗುಣವತಿಯವರು ನಗುತ್ತ ನಗುತ್ತ ಕಣ್ಣೊರೆಸಿಕೊಂಡು, 'ಎಂತ ಹುಡುಗಿಯಾ ನೀನು! ಒಂದು ಪಾಯಸ ತಿನ್ಲಿಕ್ಕೆ ಯಾರಾದ್ರೂ ಸಾಯ್ಬೇಕಾ?' ಅಂದರು. ಹೌದು, ಸಾಯಬೇಕಿತ್ತು. ಆಶ್ರಮದಲ್ಲಿ ಚಂಪಾ ತಿಂದ ಸಿಹಿಗೆಲ್ಲ ಒಂದೊಂದು ಹೆಣದ ಹೆಸರಿತ್ತು. ಶಿರಾ ಬಂದರೆ ಯಾವುದೋ ಅಜ್ಜಿ ಹೋದ ದಿನ, ಬುಂದಿ ಬಂದರೆ ಯಾರದೋ ಹಿರಿಯ ಮಗ ಬಾವಿಗೆ ಬಿದ್ದ ದಿನ. ಮುಂದೆ ಫೋಟೋ, ಫೋಟೋಕ್ಕೆ ಹಾರ, ಪಕ್ಕದಲ್ಲಿ ದಾನಿಗಳು. ಸಿಹಿ ಬಡಿಸಿ ಮುಗಿಯುತ್ತಲೇ ಗಂಟೆ. ಅರವತ್ತು ಹುಡುಗಿಯರು ಒಮ್ಮೆಗೇ ಎದ್ದು, ಅನ್ನ ಕೊಟ್ಟವರು ಬಾಳಲಿ, ಅಗಲಿದವರು ಶಾಂತಿ ಕಾಣಲಿ ಎಂದು ಮರಾಠಿಯಲ್ಲಿ ಹಾಡಿ, ತಲೆಬಾಗಿ, ದಾನಿಗಳು ಸಾಕು ಸಾಕು ಎನ್ನುವವರೆಗೆ ನಿಲ್ಲಬೇಕು. ಕೆಲವರು ಬೇಗ ಸಾಕು ಅನ್ನುತ್ತಿದ್ದರು. ಕೆಲವರಿಗೆ ಸಾಕಾಗುತ್ತಲೇ ಇರಲಿಲ್ಲ. ಆಮೇಲೆ ಅನ್ನ ಆರಿಹೋಗಿರುತ್ತಿತ್ತು. ಆ ಶುಕ್ರವಾರ ಅವಳು ಕಿವಿ ಬಿಸಿಯಾಗಿ, ಇವರು ನಗುವಷ್ಟು ನಗಲಿ ಎಂದು ಕೂತಿದ್ದಳು. ಆದರೆ ಅಂದೇ ಎಲ್ಲೋ ಒಳಗೆ ಒಂದು ಹಟ ಮೊಳೆಯಿತು.

ಅದೇ ಹಟದಲ್ಲಿ ಅವಳು ಮನೆಗೆಲಸ ಬಿಟ್ಟು ಹೊಲಿಗೆಯ ಕೆಲಸ ಹಿಡಿದಳು. ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯ ವಸಾಹತು ಆಗಷ್ಟೇ ತುಂಬಿಕೊಳ್ಳುತ್ತಿತ್ತು. ಅಲ್ಲಿನ ಮಕ್ಕಳ ಶಾಲೆಯ ಫ್ರಾಕುಗಳನ್ನು ಹೊಲಿಯುವ ಗುತ್ತಿಗೆ ಹಿಡಿದ ಅಂಗಡಿಯೊಂದರಲ್ಲಿ ಅವಳಿಗೊಂದು ಮಷಿನು ಸಿಕ್ಕಿತು. ಪಂಚವಟಿಯಲ್ಲಿ ಹತ್ತಾರು ಬಾಡಿಗೆದಾರರಿದ್ದ ವಾಡೆಯೊಂದರಲ್ಲಿ ಖೋಲಿ ಕೇಳಲು ಹೋದಾಗ ಒಡತಿ 'ಯಾರ ಮಗಳು, ಯಾವೂರು, ಹಿಂದೆ ಮುಂದೆ ಯಾರಿದ್ದಾರೆ' ಎಂದು ಒಂದೊಂದಾಗಿ ಕೇಳುತ್ತ ಬಾಗಿಲನ್ನು ಒಂದೊಂದೇ ಗೇಣು ಮುಚ್ಚಿದ್ದಳು. ಗುಣವತಿಯವರು ಹೋಗಿ 'ನಮ್ಮ ಹುಡುಗಿ' ಅಂದಮೇಲೆ ತೆರೆಯಿತು. ಮೊದಲ ದಿನ ಒಬ್ಬಳಿಗೆ ಬೇಳೆ ಬೇಯಿಸಲು ಹೋಗಿ ವಾಡೆಗೆಲ್ಲ ಹಂಚುವಷ್ಟಾಯಿತು. ಅಷ್ಟು ಸಣ್ಣ ಪಾತ್ರೆಯಲ್ಲಿ ಅವಳು ಎಂದೂ ಅಡುಗೆ ಮಾಡಿರಲಿಲ್ಲ. ಒಳಗಿನಿಂದ ಅಗಳಿ ಹಾಕಿಕೊಳ್ಳಲು ಅವಳಿಗೆ ಎಷ್ಟೋ ದಿನ ಭಯವಾಯಿತು, ಹಾಕದಿರಲೂ ಭಯವಾಯಿತು. ಆದರೂ ಆ ಖೋಲಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಲೆ ಬಾಚಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಮಧ್ಯಾಹ್ನ ಒಂದು ಉಳ್ಳಾಗಡ್ಡಿ ಕೊಯ್ದು ರೊಟ್ಟಿ ತಿಂದಾಗ ಅವಳಿಗಾದ ಸುಖ ಯಾವ ಲಾಡುವಿನಿಂದಲೂ ಆಗಿರಲಿಲ್ಲ.

ನಿನ್ನೆ ಸಂಜೆ ಗುಣವತಿಯವರ ಮಾತು ಕೇಳಿದ ಮೇಲೆ ಅವಳು ಮೊದಲು ಮಾಡಿದ ಕೆಲಸ ಬಜಾರಿಗೆ ಹೋಗಿ ಇನ್ನೊಂದು ತಾಟು, ಇನ್ನೊಂದು ಲೋಟ ತಂದದ್ದು. ಗೋಡೆಗೆ ಇನ್ನೊಂದು ಮೊಳೆ ಹೊಡೆದಳು. ಇದು ನಿನ್ನ ಮೊಳೆ, ನಿನ್ನ ಸೀರೆ ಇಲ್ಲಿ ಹಾಕು, ಎಂದು ತೋರಿಸುವ ತನ್ನನ್ನೂ, ಕಣ್ಣರಳಿಸಿ ಸುತ್ತ ನೋಡುವ ಸರೋಜಿನಿಯನ್ನೂ ಮತ್ತೆ ಮತ್ತೆ ಕಣ್ಣೆದುರು ತಂದುಕೊಂಡಳು. ಬಸ್ಸಿನಲ್ಲೂ ತಂದುಕೊಂಡಳು. ಪ್ರತಿಸಲ ಸರೋಜಿನಿಯ ಕಣ್ಣು ಇನ್ನಷ್ಟು ಅರಳುತ್ತಿದ್ದವು, ಒಂದು ಸಲ ನೀರೂ ತುಂಬಿತು. ಅದನ್ನು ನೋಡಿ ತನಗಾಗುತ್ತಿದ್ದ ಹಿಗ್ಗಿನಲ್ಲಿ ಏನೋ ಒಂದು ಅವಳಿಗೆ ಸರಿಬರಲಿಲ್ಲ. ಎಲ್ಲೋ ನೋಡಿದ್ದು, ಯಾರದೋ ಮುಖದ ಮೇಲೆ ನೋಡಿದ್ದು. ಯಾರದೆಂದು ಹುಡುಕುವ ಮೊದಲೇ ಗಂಗಾಪುರದ ಕಡೆ ಹೊರಳುವ ರಸ್ತೆ ಬಂತು. ಅವಳು ಕಿಟಕಿಯಿಂದ ಆ ರಸ್ತೆಯನ್ನು ಶತ್ರುವಿನ ಮನೆಯನ್ನು ನೋಡಿದಂತೆ ನೋಡಿದಳು.

ಆಶ್ರಮದ ಗೇಟಿನಲ್ಲಿ ಯಾರೂ ಇರಲಿಲ್ಲ. ಎಂದೂ ಇರುತ್ತಿರಲಿಲ್ಲ. ಓಡಿಹೋಗುವುದಾದರೂ ಎಲ್ಲಿಗೆ ಎಂಬ ಧೈರ್ಯದ ಮೇಲೆ ಆ ಗೇಟು ಹಗಲೆಲ್ಲ ತೆರೆದಿರುತ್ತಿತ್ತು. ಪಡಸಾಲೆಯಲ್ಲಿ ಆಗಲೇ ಸಾಲು ಕೂತಿತ್ತು. ಶಾಂತಾಬಾಯಿ ಬಂದು ಅವಳ ಗಲ್ಲ ಹಿಡಿದು, 'ಬಂದ್ಯಾ ಅವ್ವಾ? ಎಷ್ಟ್ ಸೊರಗಿದಿ! ನಾಸಿಕದಾಗ ಹೊಟ್ಟಿಗಿ ಹಾಕ್ತಾರೋ ಇಲ್ಲೋ' ಅಂದರು. ಅವರ ಕೈಗೆ ಕಡಲೆಹಿಟ್ಟಿನ ವಾಸನೆಯಿತ್ತು. ಅದನ್ನು ಮೂಸಿದ್ದೇ ಚಂಪಾ ಸಿದ್ಧಮಾಡಿ ತಂದ ಮಾತೆಲ್ಲ ಕಲಸಿಹೋಯಿತು. 'ಬಾಯಿ, ಅಪ್ಪಾರ ಸಂಗಡ ಮಾತಾಡೋದದ' ಅಂದಳು. 'ಊಟ ಮುಗೀಲಿ. ಮೊದಲ ಕೂಡು. ಇವತ್ತ ಲಾಡು ಅದ' ಎಂದು ಅವರು ಅವಳ ಹೆಗಲು ಒತ್ತಿ ಹಳೆಯ ಜಾಗದಲ್ಲೇ, ಕಂಬದ ಪಕ್ಕ, ಕೂರಿಸಿಬಿಟ್ಟರು. ಸಾಲಿನ ತುದಿಯಲ್ಲಿ ಒಂದು ಸ್ಟೂಲು, ಅದರ ಮೇಲೆ ಒಂದು ಫೋಟೋ. ಅಗಲ ಮುಖದ ಹೆಂಗಸು, ಕ್ಯಾಮೆರಾಕ್ಕೆ ಹೆದರಿದವಳ ಹಾಗೆ ತುಟಿ ಬಿಗಿಹಿಡಿದಿದ್ದಳು. ಮುತ್ತೈದೆಯಾಗಿ ಹೋದವಳೆಂದು ಗಾಜಿನ ಮೇಲೆಯೇ ಕುಂಕುಮ ಹಚ್ಚಿದ್ದರು. 'ಯಾರಿವರು?' ಎಂದು ಪಕ್ಕದವಳನ್ನು ಕೇಳಿದರೆ, 'ಗಂಗಾಪುರದ ಮಲ್ಲಮ್ಮ. ವರ್ಷದ ಪುಣ್ಯತಿಥಿ. ಅವರ ಯಜಮಾನರೇ ಊಟ ಕೊಟ್ಟಿದ್ದಾರೆ' ಎಂದು ಅವಳು ಮರಾಠಿಯಲ್ಲಿ ಪಿಸುಗುಟ್ಟಿದಳು.

ಚಂಪಾಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಖುರ್ಚಿಗಳ ಕಡೆ ನೋಡಿದಳು. ವಿಶ್ವನಾಥಪ್ಪನವರ ಪಕ್ಕದಲ್ಲಿ ಖುರ್ಚಿಯ ತುದಿಯಲ್ಲಿ ಕೂತಿದ್ದ ಬಿಳಿ ಟೊಪ್ಪಿಗೆಯವನೇ ಶಿವರಾಯ. ನಲವತ್ತರ ಹತ್ತಿರ. ಕೆಟ್ಟವನ ಮುಖವೇನಲ್ಲ. ಫೋಟೋ ನೋಡಿದಾಗ ಅವನ ಕಣ್ಣು ನಿಜವಾಗಿಯೂ ತುಂಬುತ್ತಿದ್ದವು, ಮತ್ತೆ ಅದೇ ಒದ್ದೆ ಕಣ್ಣಲ್ಲಿ ಅವನು ಲಾಡು ಬಡಿಸುತ್ತ ಬರುತ್ತಿದ್ದ ಸರೋಜಿನಿಯನ್ನು ನೋಡುತ್ತಿದ್ದ. ಹೋದವಳ ಹೆಸರಿನ ಲಾಡು, ಬರಬೇಕಾದವಳ ಕೈಯಲ್ಲಿ. ಒಂದೇ ಖರ್ಚಿನಲ್ಲಿ ಎರಡು ಕಾರ್ಯ ಮುಗಿಸುವ ಈ ಏರ್ಪಾಡು ಯಾರ ತಲೆಯಿಂದ ಬಂತೋ. ಯಾರಿಗೂ ಅದರಲ್ಲಿ ಅಸಹ್ಯವೇನೂ ಕಂಡಿರಲಿಲ್ಲ, ಅದೇ ಚಂಪಾಳಿಗೆ ಹೆಚ್ಚು ಅಸಹ್ಯವೆನಿಸಿತು. ಸರೋಜಿನಿಗೆ ಹಸಿರು ಸೀರೆ ಉಡಿಸಿ ಹೂ ಮುಡಿಸಿದ್ದರು. ಚಂಪಾಳ ತಾಟಿಗೆ ಲಾಡು ಹಾಕುವಾಗಲೂ ಅವಳು ಕಣ್ಣೆತ್ತಲಿಲ್ಲ. ಬಡಿಸಿ ಮುಗಿದ ಮೇಲೆ ಅವಳೇ ಹೋಗಿ ಫೋಟೋಕ್ಕೆ ಹಾರ ಹಾಕಿದಳು. ಅವಳೇ ಹಾಡು ಎತ್ತಿಕೊಡಬೇಕಿತ್ತು. ಗಂಟೆ ಬಡಿಯಿತು.

ಅರವತ್ತು ತಾಟುಗಳ ಹಿಂದೆ ಅರವತ್ತು ಹುಡುಗಿಯರು ಎದ್ದರು. ಚಂಪಾಳ ಮೊಣಕಾಲೂ ನೆಲ ಬಿಟ್ಟಿತು. ಅವಳೇನೂ ಹೀಗೆ ಮಾಡಬೇಕೆಂದು ಬಂದವಳಲ್ಲ. ಸುಮ್ಮನೆ ಕೂತರೆ ಅರ್ಧ ಕೆಲಸ ಆಗುತ್ತದೆ ಎಂದು ಗುಣವತಿಯವರು ಹೇಳಿದ್ದು ಈ ಅರ್ಥದಲ್ಲಿ ಖಂಡಿತ ಅಲ್ಲ. ಎದ್ದುಬಿಡು, ಎದ್ದು ಕೈ ಮುಗಿದು, ಆಮೇಲೆ ಆಫೀಸಿಗೆ ಹೋಗಿ ಮೆಲ್ಲಗೆ ಕೇಳಿಕೋ ಎಂದು ಬುದ್ಧಿ ಹೇಳುತ್ತಿತ್ತು. ಅಷ್ಟರಲ್ಲಿ ಸರೋಜಿನಿಯ ದನಿ ಎದ್ದಿತು: ಅನ್ನ ಕೊಟ್ಟವರು ಬಾಳಲಿ. ಶಿವರಾಯ ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದ, ತನ್ನ ಮನೆಯೊಳಗೇ ಕೇಳುವವನ ಹಾಗೆ. ಚಂಪಾ ಏಳುತ್ತಿದ್ದ ಮೊಣಕಾಲನ್ನು ಕೈಯಿಂದ ಹಿಡಿದು ನೆಲಕ್ಕೆ ಒತ್ತಿದಳು. ಅದು ಅವಳ ಮಾತು ಕೇಳಲಿಲ್ಲ, ಮತ್ತೆ ಎದ್ದಿತು, ಮತ್ತೆ ಒತ್ತಿದಳು. ಸುತ್ತಲೂ ಲಂಗಗಳು, ಕಾಲುಗಳು. ಆ ಕಾಲುಗಳ ನಡುವೆ ಅವಳೊಬ್ಬಳೇ ಕೂತಿರುವುದನ್ನು ಎಲ್ಲರೂ ಕಂಡರು. ಹಾಡು ಮುಗಿಯಿತು. ಸದ್ದಿಲ್ಲದ ಆ ಗಳಿಗೆಯಲ್ಲಿ ಅವಳು ಲಾಡು ಎತ್ತಿ ಕಚ್ಚಿದಳು. ಬುಂದಿ ಮುರಿದ ಸದ್ದು ಪಡಸಾಲೆಯ ಆ ತುದಿಗೂ ಕೇಳಿಸಿರಬೇಕು. ಸಣ್ಣ ಹುಡುಗಿಯರು ಪ್ರಾರ್ಥನೆ ಮರೆತು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಸತ್ತುಹೋಗುತ್ತೇನೆ ಅನ್ನಿಸಿತು. ಸಾಯಲಿಲ್ಲ. ಇನ್ನೊಂದು ತುತ್ತು ಕಚ್ಚಿದಳು.

ಆಫೀಸಿನಲ್ಲಿ ವಿಶ್ವನಾಥಪ್ಪನವರು ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟು, ಬೋಳುತಲೆ ಒರೆಸಿಕೊಂಡು, ಒಮ್ಮೆಗೇ ಮುದುಕರಾಗಿ ಕೂತರು. 'ಇಲ್ಲಿ ನಿನಗ ಏನ್ ಕಮ್ಮಿ ಮಾಡೀವಿ ಅವ್ವಾ? ಅರವತ್ತು ಹೊಟ್ಟಿ ಅವ ಇಲ್ಲಿ. ನನ್ನ ಅಂಗಡಿ ಗುಮಾಸ್ತನ ಕೈಗಿ ಕೊಟ್ಟು ಮಂದಿ ಬಾಗಲಿಗಿ ಹೋಗಿ ನಿಂದ್ರತೀನಿ. ಒಬ್ಬಾಂವ ಕೊಡ್ತಾನ, ಒಬ್ಬಾಂವ ನಾಳಿ ಬರ್ರಿ ಅಂತಾನ. ನಾಳಿ ಮತ್ತ ಹೋಗ್ತೀನಿ. ಯಾರ ಸಲುವಾಗಿ? ಒಂದ್ಸಲ ಎದ್ದು ಕೈ ಮುಗಿದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?' ಅವರು ಹೇಳಿದ್ದು ಖರೆ. ಜ್ವರ ಬಂದಾಗ ಅವಳನ್ನು ಟಾಂಗಾದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದವರೂ ಇವರೇ. ಆ ಖರೆಯೇ ಅವಳನ್ನು ಕಟ್ಟಿಹಾಕಿತ್ತು. ಇವರು ಬರೀ ಕೆಟ್ಟವರಾಗಿದ್ದರೆ ಎಂದೋ ಮರೆತು ಹಾಯಾಗಿರಬಹುದಿತ್ತು.

'ಸರೋಜಿನಿನ್ನ ಕರ್ಕೊಂಡ್ ಹೋಗ್ಲಾಕ ಬಂದೀನ್ರಿ ಅಪ್ಪಾ' ಅಂದಳು. ಅಷ್ಟೇ ಬಂತು, ದಯಮಾಡಿಯೂ ಇಲ್ಲ, ಉಪಕಾರವೂ ಇಲ್ಲ.

'ನೀ ಅಕಿಗಿ ಏನಾಗಬೇಕು?'

'ಏನೂ ಆಗಬೇಕಾಗಿಲ್ರಿ. ಸಂಗಡ ಬೆಳದೀವಿ.'

'ಹುಡುಗಿ ಇಲ್ಲಿಂದ ಹೋದ್ರ ಗಂಡನ ಕೈ ಹಿಡಕೊಂಡು ಹೋಗಬೇಕು. ಇಲ್ಲಾ ಅಪ್ಪ ಬಂದು ಕರಕೊಂಡ್ ಹೋಗಬೇಕು. ಇಕಿಗಿ ಅಪ್ಪ ಅಂದ್ರ ನಾನೇ.' ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಅಂಗಡಿಯಲ್ಲಿ ಗಿರಾಕಿಯ ಜೊತೆ ಕಡೆಯ ಮಾತು ಆಡುವವರ ಹಾಗೆ ಅಂದರು: 'ಶಿವರಾಯಗ ಭಾಳ ಅವಮಾನ ಆಗ್ಯದ. ಹೊರಗ ಕುಂತಾನ. ಹಿಂಗೇ ಎದ್ದು ಹೋದ್ರ ನಾಳಿ ಯಾವ ದಾನೀನೂ ಬರೂದಿಲ್ಲ. ಹೋಗು, ಎಲ್ಲಾರ ಮುಂದ ಕೈ ಮುಗಿದು ತಪ್ಪಾತು ಅನ್ನು. ಅಂದ್ರ ಈ ಸಂಬಂಧ ನಾ ನಿಂದ್ರಸ್ತೀನಿ. ಅಕಿನ್ನ ನಿನ್ನ ಹಿಂದ ಕಳಿಸ್ತೀನಿ. ನನ್ನ ಮಾತು ಮಾತೇ.'

ಅಷ್ಟೇನೇ ಅನ್ನಿಸಿತು. ಎರಡು ಕೈ, ಒಂದು ಮಾತು. ಹುಟ್ಟಿದಾಗಿನಿಂದ ಲೆಕ್ಕವಿಲ್ಲದಷ್ಟು ಸಲ ಮುಗಿದ ಕೈ, ಇನ್ನೊಂದು ಸಲ ಮುಗಿದರೆ ಸವೆಯುತ್ತದೆಯೇ. ತನ್ನ ಹಟ ದೊಡ್ಡದೋ ಸರೋಜಿನಿಯ ಬಾಳು ದೊಡ್ಡದೋ. ಒಪ್ಪಿಕೊಂಡೇ ಅವಳು ಆಫೀಸಿನಿಂದ ಹೊರಬಿದ್ದಳು. ಒಳಗೊಳಗೆ ಒಂದು ಬಗೆಯ ಹಿತವೂ ಆಗುತ್ತಿತ್ತು: ನಿನ್ನ ಸಲುವಾಗಿ ನಾನು ಇದನ್ನೂ ಮಾಡಿದೆ ನೋಡು. ಮೊದಲು ಸರೋಜಿನಿಗೆ ಹೇಳಿಬಿಡೋಣವೆಂದು ಹಿತ್ತಲಿಗೆ ಹೋದಳು. ಹೇಳಿ, ಅವಳ ಕಣ್ಣು ಅರಳುವುದನ್ನು ನೋಡಿ, ಆಮೇಲೆ ಹೋಗಿ ಕೈ ಮುಗಿಯೋಣ.

ಸರೋಜಿನಿ ಹಸಿರು ಸೀರೆಯನ್ನು ಮೊಣಕಾಲವರೆಗೆ ಎತ್ತಿಕಟ್ಟಿ ಬೂದಿ ಹಾಕಿ ಪಾತೇಲಿ ತಿಕ್ಕುತ್ತಿದ್ದಳು. ಮುಡಿದ ಹೂವು ಕಲ್ಲಿನ ಮೇಲೆ ಬಿದ್ದಿತ್ತು. 'ಯಾಕ ಕೂತಿ ಹಂಗ?' ಅಂದಳು, ತಿಕ್ಕುವುದನ್ನು ನಿಲ್ಲಿಸದೆ. 'ಎಲ್ಲಾರೂ ನನ್ನೇ ನೋಡ್ಲಾಕತ್ರು.' ಚಂಪಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಖೋಲಿ, ಮಷಿನು, ಗೋಡೆಯ ಮೊಳೆ, ಅಪ್ಪಾರ ಮಾತು. 'ಹೋಗಿ ಕೈ ಮುಗೀತೀನಿ. ನೀ ಟ್ರಂಕ್ ತುಂಬು.'

ಸರೋಜಿನಿಯ ಕಣ್ಣು ಅರಳಲಿಲ್ಲ. ಪಾತೇಲಿಯನ್ನು ಕವುಚಿಟ್ಟಳು. 'ನಾ ಕೇಳಿದ್ನೇನು ನಿನಗ, ಬಂದು ನನ್ನ ಬಿಡಿಸಿಕೊಂಡ್ ಹೋಗು ಅಂತ?'

'ಹಂಗಾದ್ರ ಲಗ್ನ ಬೇಕೇನ್ ನಿನಗ?'

'ಬ್ಯಾಡ. ಲಗ್ನಾನೂ ಬ್ಯಾಡ, ನಿನ್ನ ದಾನಾನೂ ಬ್ಯಾಡ.' ಅವಳ ದನಿ ಏರಿತು, ಕನ್ನಡ ಸಾಲದೆ ಮರಾಠಿಗೆ ಹೋಗಿ ಮತ್ತೆ ಬಂತು. 'ಇವತ್ತ ನನ್ನ ಸಲುವಾಗಿ ನೀ ಅವರಿಗಿ ಕೈ ಮುಗೀತಿ. ನಾಳಿಂದ ನಾ ನಿನಗ ಮುಗೀಬೇಕು. ದಿನಾ. ಉಣ್ಣೂಮುಂದ, ಮಲಗೂಮುಂದ. ಪುರೇ ಝಾಲೆ ಮಲಾ. ಸಾಕಾಗ್ಯದ ನನಗ, ಅಕ್ಕಾ.'

ಚಂಪಾಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಗೇನಿಲ್ಲ, ಹಾಗೆಲ್ಲ ನಾನು ಅಂದುಕೊಂಡಿಲ್ಲ ಎಂದು ಬಾಯಿ ತೆರೆದಳು, ಮುಚ್ಚಿದಳು. ಅಂದುಕೊಂಡಿದ್ದಳು. ಬಸ್ಸಿನಲ್ಲಿ ತನಗಾದ ಹಿಗ್ಗನ್ನು ಯಾರ ಮುಖದ ಮೇಲೆ ನೋಡಿದ್ದೆಂದು ಈಗ ಹುಡುಕಬೇಕಾಗಿರಲಿಲ್ಲ. ಪಡಸಾಲೆಯ ಖುರ್ಚಿಗಳಲ್ಲಿ ವರ್ಷವಿಡೀ ಕೂತು ಸಾಕು ಸಾಕು ಅನ್ನುತ್ತಿದ್ದ ಮುಖಗಳೆಲ್ಲ ಒಟ್ಟಾಗಿ ಅವಳದೇ ಮುಖವಾಗಿದ್ದವು. ಇದೊಂದು ಪಿಡುಗು, ಕೊಟ್ಟವರಿಂದ ತಗೊಂಡವರಿಗೆ ಅಂಟುವ ಪಿಡುಗು. ಹೊಟ್ಟೆ ಉರಿಯಿತು, ನಗುವೂ ಬಂತು. ತನಗಿಂತ ಒಂದು ವರ್ಷ ಚಿಕ್ಕವಳು, ಗೇಟಿನಾಚೆ ಕಾಲಿಡದವಳು, ಬೂದಿಗೈಯಲ್ಲಿ ನಿಂತು ಹೇಳಿದ ಮಾತು ತನಗೆ ನಾಸಿಕಕ್ಕೆ ಹೋಗಿ ಒಂದು ವರ್ಷ ಬಾಳಿದರೂ ಹೊಳೆದಿರಲಿಲ್ಲ.

'ಮುಗ್ಯೂದಿಲ್ಲ ಹಂಗಾದ್ರ' ಅಂದಳು. 'ನೀ ಬಂದ್ರ ನಿನ್ನ ಕಾಲಿಲೇ ಬಾ. ಬಾಡಿಗಿ ಅರ್ಧ ನಿಂದು. ಒಂದಿನ ಕಸ ನೀ ಹೊಡಿ, ಒಂದಿನ ನಾ.'

'ಕೆಲಸ ಸಿಗಲಿಲ್ಲಂದ್ರ?'

'ಜಗಳಾಡೂಣು.'

ಸರೋಜಿನಿ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು, ಬಿದ್ದ ಹೂವನ್ನು ಎತ್ತಿಕೊಳ್ಳದೆ, ನೆಟ್ಟಗೆ ಪಡಸಾಲೆಗೆ ನಡೆದಳು. ಚಂಪಾ ಹಿಂದೆ ಓಡಿದಳು. ಶಿವರಾಯ ಫೋಟೋವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಶಾಂತಾಬಾಯಿ ತಾಟುಗಳನ್ನು ಜೋಡಿಸುತ್ತಿದ್ದರು. ವಿಶ್ವನಾಥಪ್ಪನವರು ಪೇಟ ಸುತ್ತಿಕೊಂಡು, ಕ್ಷಮೆಯ ಮಾತಿಗೆ ಸಿದ್ಧವಾಗಿ ನಿಂತಿದ್ದರು. ಸರೋಜಿನಿ ಯಾರಿಗೂ ಕೈ ಮುಗಿಯಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಸೀರೆಯ ನೆರಿಗೆ ಹಿಡಿದುಕೊಂಡಿದ್ದಳು. 'ನಿಮ್ಮ ಮನಿಯವರ ಫೋಟೋಕ್ಕ ಹಾರ ಹಾಕೀನ್ರಿ' ಅಂದಳು. 'ಅವರ ಜಾಗಾಕ್ಕ ನಾ ಬರೂದಿಲ್ಲ. ನನಗ ಮನಸಿಲ್ರಿ.'

ಶಿವರಾಯನಿಗೆ ಸಿಟ್ಟು ಬರಬೇಕಿತ್ತು. ಅದಕ್ಕಿಂತ ಮೊದಲು ಬೆರಗು ಬಂತು. ಅವನೆದುರು ಆ ಮನೆಯ ಹುಡುಗಿಯೊಬ್ಬಳು ಹಾಡು ಬಿಟ್ಟು ಮಾತು ಆಡಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡ, ಫೋಟೋವನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿದ. ಕಡೆಗೆ, ಏನಾದರೂ ಕೇಳಲೇಬೇಕೆಂದು, 'ನಿಂದು ಊಟ ಆತೇನು?' ಎಂದು ಕೇಳಿದ.

'ಇಲ್ರಿ. ಬಡಿಸಿದವರದು ಕಡೀಕ.'

ಅವನು ಫೋಟೋವನ್ನು ಅವಚಿಕೊಂಡು ಹೊರಗೆ ಹೋದ. ವಿಶ್ವನಾಥಪ್ಪನವರು ಸರೋಜಿನಿಯ ಮುಂದೆ ಬಂದು ನಿಂತರು. 'ಗೇಟ್ ದಾಟಿದ್ರ ಈ ಬಾಗಲ ಮತ್ತ ನಿನಗಿಲ್ಲ. ಇಬ್ಬರಿಗೂ ಇಲ್ಲ. ಟ್ರಂಕ್ ಇಲ್ಲ, ಭಾಂಡೆ ಇಲ್ಲ, ಉಟ್ಟ ಸೀರೀಲೇ ಹೋಗಬೇಕು.' ಅದು ಬೆದರಿಕೆಯಂತೆ ಕೇಳಿಸಲಿಲ್ಲ, ಬೇಡಿಕೆಯಂತೆ ಕೇಳಿಸಿತು. ಶಾಂತಾಬಾಯಿ ತಾಟುಗಳ ಮೇಲಿಂದ ಮುಖವೆತ್ತದೆ, 'ಹದಿನೆಂಟು ತುಂಬ್ಯಾವ ಅಕಿಗಿ, ಅಪ್ಪಾರೆ. ಹಿಡಕೊಂಡು ನಿಂದ್ರಲೇನು ನಾ?' ಅಂದರು. ಅಂದು, ಮತ್ತೆ ತಾಟು ಜೋಡಿಸತೊಡಗಿದರು. ಅವರ ಮೂಗು ಕೆಂಪಾಗಿತ್ತು. ಸರೋಜಿನಿ 'ಅಪ್ಪಾ' ಎಂದು ಒಂದೇ ಒಂದು ಸಲ ಕರೆದಳು. ಅವರು ಗೋಡೆಯ ಕಡೆ ತಿರುಗಿಕೊಂಡರು. ಹೋಗಬಾರದಿತ್ತು, ಹೀಗೆ ಹೋಗಬಾರದಿತ್ತು ಎಂದು ಚಂಪಾಳಿಗೆ ಅಳು ಉಕ್ಕಿ ಬಂತು. ಹೋಗಲೇಬೇಕಿತ್ತು. ಹುಟ್ಟಿದ ಮನೆಯಿಲ್ಲದವರಿಗೆ ತವರೆಂದಿದ್ದದ್ದೂ ಇದೊಂದೇ, ಅದನ್ನು ಇಬ್ಬರೂ ಆ ಮಧ್ಯಾಹ್ನ ಕೈಯಾರೆ ಕಳೆದುಕೊಂಡರು. ತೆರೆದ ಗೇಟಿನಿಂದ ಹೊರಬರುವಾಗ ಯಾರೂ ತಡೆಯಲಿಲ್ಲ.

ಬಸ್ ನಿಲ್ದಾಣದವರೆಗೆ ಇಬ್ಬರೂ ಮಾತಾಡಲಿಲ್ಲ. ಸರೋಜಿನಿ ರಸ್ತೆ ದಾಟುವಾಗ ಸೈಕಲ್ಲುಗಳಿಗೂ ಟಾಂಗಾಗಳಿಗೂ ಬೆಚ್ಚಿ ನಿಂತಳು, ಆದರೆ ಚಂಪಾ ಚಾಚಿದ ಕೈಯನ್ನು ಹಿಡಿಯಲಿಲ್ಲ, ತಾನೇ ದಾಟಿದಳು. ನಾಸಿಕದ ಬಸ್ಸಿಗೆ ಹೊತ್ತಿತ್ತು. ನಿಲ್ದಾಣದ ಕ್ಯಾಂಟೀನಿನ ಬೆಂಚಿನ ಮೇಲೆ ಕೂತರು. ಬಿಸಿ ಭಜಿಯ ಒಂದು ಪ್ಲೇಟು ಬಂತು, ಜೊತೆಗೆ ಕರಿದ ಮೆಣಸಿನಕಾಯಿ. ಇವಳೀಗ ಎದ್ದು ನಿಂತು ಕೈ ಮುಗಿದರೆ ಎಂದು ಚಂಪಾ ಅವಳನ್ನೇ ನೋಡಿದಳು. ಸರೋಜಿನಿ ಏಳಲಿಲ್ಲ. ಅವಳು ಚಂಪಾಳ ಮುಖವನ್ನೂ ನೋಡಲಿಲ್ಲ. ಪ್ಲೇಟನ್ನು ತನ್ನ ಕಡೆಗೆ ಎಳೆದುಕೊಂಡು, ಬಾಯಿ ಸುಡುತ್ತಿದ್ದರೂ ನಿಲ್ಲಿಸದೆ, ಒಂದರ ಮೇಲೊಂದು ತಿಂದಳು. ಚಂಪಾಳಿಗೆಂದು ಒಂದನ್ನೂ ಉಳಿಸಲಿಲ್ಲ. ಕಡೆಯ ಚೂರನ್ನು ಬೆರಳಿನಿಂದ ಒರೆಸಿ ನೆಕ್ಕಿ, ಖಾಲಿ ಪ್ಲೇಟನ್ನು ಮುಂದಕ್ಕೆ ತಳ್ಳಿದಳು.

'ಇನ್ನೊಂದ್ ಪ್ಲೇಟ್ ಹೇಳು' ಅಂದಳು.

'ನಿನ್ನ ಹಂತ್ಯಾಕ ರೊಕ್ಕ ಅವೇನು?'

'ಇಲ್ಲ' ಎಂದಳು ಸರೋಜಿನಿ, ಒಂದಿಷ್ಟೂ ಕುಗ್ಗದೆ. 'ಹಸಿವಿ ಆಗ್ಯದ. ಹೇಳು.'